ಕಲ್ಲುಮನೆಯ ಪಾಲು

ನಮ್ಮ ಮನೆಯ ಪಾಲನ್ನು ಕಿತ್ತುಕೊಂಡ ಶನಿವಾರ, ಊರಿನ ಬೈಬಲ್ ಕೂಟದವರು ಮೊದಲು ಚಹಾ ಕುಡಿದರು, ಚಹಾದ ಜೊತೆ ಒಗ್ಗರಣೆ ಅವಲಕ್ಕಿ ತಿಂದರು, ಕೈ ತೊಳೆದುಕೊಂಡು ಬಂದು ಆಮೇಲೆ ತೀರ್ಮಾನ ಓದಿದರು. ಮೊದಲು ತೀರ್ಮಾನ ಓದಿ ಆಮೇಲೆ ತಿಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ನಾನು ಕೂಟ ಸೇರುವ ಮನೆಯ ಹೊರಗೆ ಜಗಲಿಯ ಮೇಲೆ, ಕಿಟಕಿಗೆ ಕಿವಿಕೊಟ್ಟು ಕೂತಿದ್ದೆ. ಯಾವ ಮನೆಯ ಪಾಲಿನ ವಿಚಾರ ನಡೆಯುತ್ತದೋ ಆ ಮನೆಯವರು ಕೇಳಿಸಿಕೊಳ್ಳಬಹುದು, ನಡುವೆ ಬಾಯಿ ಹಾಕುವಂತಿಲ್ಲ. ಅದು ಕೂಟದ ಪದ್ಧತಿ. ಕರಿಬೇವಿನ ವಾಸನೆ ಬಂದಾಗಲೇ ನನಗೆ ಗೊತ್ತಾಯಿತು, ಇವರು ಆಗಲೇ ತೀರ್ಮಾನ ಮಾಡಿ ಮುಗಿಸಿದ್ದಾರೆ, ಇಲ್ಲದಿದ್ದರೆ ಇಷ್ಟು ನೆಮ್ಮದಿಯಾಗಿ ತಿನ್ನುತ್ತಿರಲಿಲ್ಲ ಎಂದು.

ನಮ್ಮೂರಲ್ಲಿ ಬೈಬಲ್ಲು ಮನೆಮನೆಗೆ ಹಂಚಿಹೋಗಿದೆ. ಒಂದೊಂದು ಮನೆಗೆ ಒಂದೊಂದು ಪಾಲು. ಬಾಗಿಲ ಮೇಲಿನ ಹಲಗೆಯಲ್ಲಿ ಅದರ ಮೊದಲ ಸಾಲನ್ನು ಬರೆಸಿರುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯ ಹಿರಿಯರು ಕುಣಿಯ ಹತ್ತಿರ ನಿಂತು ಪಾಲನ್ನು ಬಾಯಿಪಾಠ ಹೇಳಬೇಕು. ಹೇಳಿದರೆ ಕುಣಿ ತುಂಬುತ್ತದೆ. ಹೇಳದಿದ್ದರೆ ಎಷ್ಟು ಮಣ್ಣು ಎಳೆದರೂ ಅದು ಬಾಯಿ ತೆರೆದುಕೊಂಡೇ ಇರುತ್ತದೆ. ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ವಂಶಾವಳಿಯ ಮನೆಯಲ್ಲಿ ಸಾವಾದರೆ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಯಾಕೆಂದರೆ ಇವನು ಅವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು ಎಂದು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಲಾಜರನ ಸಮಾಧಿಯ ಮುಂದೆ ಯೇಸು ಅತ್ತ ಒಂದೇ ಸಾಲಿನ ಮನೆಯವರನ್ನು ಕಂಡರೆ ಎಲ್ಲರಿಗೂ ಹೊಟ್ಟೆಕಿಚ್ಚು. ಯಾಜಕಕಾಂಡದ ಚರ್ಮರೋಗದ ಅಧ್ಯಾಯ ಯಾರ ಪಾಲಿಗೆ ಬಂದಿದೆಯೋ ಆ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಪಾಪ, ಅವರ ಮೈ ನಮ್ಮೆಲ್ಲರ ಮೈಗಿಂತ ಚೊಕ್ಕವಾಗಿದೆ.

ನಮ್ಮದು ಯೋಹಾನನ ಸುವಾರ್ತೆಯ ಪಾಲು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ಗಂಡಸರು ಎಳೆದುಕೊಂಡು ಬರುತ್ತಾರೆ. ಇವಳಿಗೆ ಕಲ್ಲು ಹೊಡೆಯಬೇಕಲ್ಲ, ನೀನೇನು ಹೇಳುತ್ತೀ ಎಂದು ಯೇಸುವನ್ನು ಕೇಳುತ್ತಾರೆ. ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಏನೋ ಬರೆಯುತ್ತಾನೆ. ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎನ್ನುತ್ತಾನೆ, ಮತ್ತೆ ಬಗ್ಗಿ ಬರೆಯುತ್ತಾನೆ. ಒಬ್ಬೊಬ್ಬರಾಗಿ, ಹಿರಿಯರು ಮೊದಲಾಗಿ, ಎಲ್ಲರೂ ಜಾಗ ಖಾಲಿ ಮಾಡುತ್ತಾರೆ. ಈ ಪಾಲನ್ನು ಬಹಳ ಕಾಲ ಯಾವ ಮನೆಯೂ ತೆಗೆದುಕೊಂಡಿರಲಿಲ್ಲವಂತೆ. ಕೊನೆಗೆ ಅದನ್ನು ಕೇಳಿ ಪಡೆದವಳು ನನ್ನ ಮಾವನ ಅಜ್ಜಿ. ಅವಳನ್ನೂ ಒಮ್ಮೆ ಊರಿನವರು ದೇವಾಲಯದ ಅಂಗಳಕ್ಕೆ ಎಳೆದು ತಂದಿದ್ದರು, ಅದಕ್ಕೇ ಕೇಳಿದಳು. ಅಂದಿನಿಂದ ನಮ್ಮದು ಕಲ್ಲುಮನೆ. ನಮ್ಮಲ್ಲಿ ಸಾವಾದರೆ ಮಣ್ಣಿಗೆ ಬರುವ ಪ್ರತಿಯೊಬ್ಬರೂ ದಾರಿಯಲ್ಲಿ ಒಂದು ಕಲ್ಲು ಎತ್ತಿಕೊಂಡು ಬರುತ್ತಾರೆ. ಪಾಲು ಹೇಳಿ ಮುಗಿದ ಮೇಲೆ ಅಲ್ಲಿರುವವರಲ್ಲಿ ಹಿರಿಯರು ಮೊದಲು ತಮ್ಮ ಕಲ್ಲನ್ನು ಕುಣಿಯ ಅಂಚಿನಲ್ಲಿಟ್ಟು ಹಿಂದೆ ತಿರುಗಿ ನೋಡದೆ ಹೊರಡುತ್ತಾರೆ. ಅವರ ಹಿಂದೆ ಅವರಿಗಿಂತ ಕಿರಿಯರು. ಕೊನೆಗೆ ಸತ್ತವರು, ಮನೆಯವರು, ಕುಣಿ ತೋಡುವ ಯೋಬಪ್ಪ, ಇಷ್ಟೇ ಜನ ಉಳಿಯುತ್ತೇವೆ. ನನ್ನ ಗಂಡ ತೀರಿಕೊಂಡಾಗ ನನ್ನ ಅತ್ತೆ ತಬಿಥವ್ವ, ಹೆತ್ತ ಮಗನ ಕುಣಿಯ ಮುಂದೆ ನಿಂತು, ದನಿ ಒಂದಿಷ್ಟೂ ನಡುಗದಂತೆ ಇಡೀ ಪಾಲು ಹೇಳಿದ್ದಳು. ಆ ದನಿ ಕೇಳಿಯೇ ನಾನು ಅವತ್ತು ಬದುಕಿ ಮನೆಗೆ ಬಂದೆ.

ಈಗ ಕೂಟದ ವಿಷಯಕ್ಕೆ ಬರುತ್ತೇನೆ. ಅದರ ಹಿರಿಯರು ಆಮೋಸಪ್ಪ ಪಂಡಿತರು. ಗ್ರೀಕ್, ಹೀಬ್ರೂ, ಸಿರಿಯಾದ ಭಾಷೆ ಎಲ್ಲ ಬಲ್ಲವರು. ಸಂಡೇ ಸ್ಕೂಲಿನಲ್ಲಿ ನನ್ನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರೂ ಅವರೇ. ಅವರ ಕೈಕೆಳಗೆ ನತಾನಿಯೇಲ ಮಾಸ್ತರ ಮತ್ತು ಇನ್ನೊಂದಷ್ಟು ಗಂಡಸರು. ಶನಿವಾರ ಶನಿವಾರ ಸೇರಿ ಯಾವ ವಚನ ಯಾವ ಕಾಲದ್ದು, ಯಾವ ಹಸ್ತಪ್ರತಿಯಲ್ಲಿದೆ, ಯಾವುದರಲ್ಲಿಲ್ಲ ಎಂದು ವಿಚಾರ ಮಾಡುತ್ತಾರೆ. ಅವರು ಸುಳ್ಳು ಹೇಳುವವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸುಳ್ಳು ಹೇಳುವವರಾಗಿದ್ದರೆ ಅವರೊಂದಿಗೆ ಜಗಳವಾಡುವುದು ಎಷ್ಟೋ ಸುಲಭವಾಗಿತ್ತು.

ಅವತ್ತು ಪಂಡಿತರು ಹೇಳಿದ್ದು ಇಷ್ಟು. ಯೋಹಾನನ ಸುವಾರ್ತೆಯ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಈ ಕಥೆ ಇಲ್ಲ. ಮುಂದೆ ಬಂದ ಪ್ರತಿಗಳಲ್ಲಿ ಕೆಲವರು ಈಗಿರುವ ಜಾಗದಲ್ಲಿ ಬರೆದಿದ್ದಾರೆ, ಕೆಲವರು ಸುವಾರ್ತೆಯ ಕೊನೆಯಲ್ಲಿ, ಕೆಲವರು ಲೂಕನ ಸುವಾರ್ತೆಯಲ್ಲಿ ತಂದಿಟ್ಟಿದ್ದಾರೆ. ಇದು ಜಾಗ ಹುಡುಕುತ್ತಾ ಅಲೆದ ಭಾಗ, ಆಮೇಲಿನ ಸೇರ್ಪಡೆ. ನತಾನಿಯೇಲ ಮಾಸ್ತರ ನಡುವೆ ಬಾಯಿ ಹಾಕಿ, ಹಿಂದೆ ಒಬ್ಬ ಬಿಷಪ್ಪ ಇದರ ಬಗ್ಗೆ ಬರೆದಿದ್ದಾನೆ, ಹೆಂಡಂದಿರಿಗೆ ಸಲಿಗೆ ಸಿಕ್ಕೀತು ಎಂದು ಹೆದರಿದ ಗಂಡಂದಿರೇ ಇದನ್ನು ಪುಸ್ತಕದಿಂದ ಕಿತ್ತುಹಾಕಿದರು ಎನ್ನುತ್ತಾನೆ ಎಂದರು. ಒಳಗೆ ಎಲ್ಲರೂ ನಕ್ಕರು. ಅದು ಬಿಷಪ್ಪನ ಊಹೆ ಎಂದು ಪಂಡಿತರು ಮುಂದಕ್ಕೆ ಹೋದರು. ನಗುವಂಥದ್ದು ಅದರಲ್ಲೇನಿತ್ತು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಅವಲಕ್ಕಿ. ಆಮೇಲೆ ತೀರ್ಮಾನ. ಊರಿನ ಬೈಬಲ್ಲು ಶುದ್ಧವಾಗಿರಬೇಕಾದ್ದರಿಂದ ಕಲ್ಲುಮನೆಯ ಪಾಲನ್ನು ಕೈಬಿಡಲಾಗಿದೆ. ಕೈಬಿಟ್ಟ ಪಾಲನ್ನು ಸ್ಮಶಾನದಲ್ಲಿ ಹೇಳಿದರೆ ಆ ಮನೆಯವರಿಗೆ ಮುಂದೆ ಅಲ್ಲಿ ಜಾಗವಿಲ್ಲ. ನಾನು ಹುಡುಗಿಯಾಗಿದ್ದಾಗ ಮಾರ್ಕನ ಸುವಾರ್ತೆಯ ಕೊನೆಯ ವಚನಗಳ ಮನೆಗೂ ಹೀಗೇ ಆಗಿತ್ತು. ಅವರು ಸಾಮಾನು ಕಟ್ಟಿಕೊಂಡು, ಕುಣಿ ಯಾರಿಗಾದರೂ ಮುಚ್ಚಿಕೊಳ್ಳುವ ಬೇರೆ ಊರಿಗೆ ಹೊರಟುಹೋದರು. ನಮ್ಮನ್ನು ಹಾಗೆ ಬಿಡಬಾರದೆಂದು ಕೂಟದವರು ದೊಡ್ಡ ಮನಸ್ಸು ಮಾಡಿ ಬೇರೆ ಪಾಲು ಕೊಟ್ಟರು. ಯಾವ ಮನೆಗೂ ಸೇರದೆ ಖಾಲಿ ಉಳಿದಿದ್ದ ಪಾಲು ಒಂದೇ ಒಂದಿತ್ತು. ಪೌಲನು ಕೊರಿಂಥದವರಿಗೆ ಬರೆದದ್ದು. ಸಭೆಯಲ್ಲಿ ಹೆಂಗಸರು ಮಾತಾಡಬಾರದು, ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡಂದಿರನ್ನು ಕೇಳಬೇಕು.

ನನ್ನ ಗಂಡನನ್ನು ಏನಾದರೂ ಕೇಳಬೇಕೆಂದರೆ ನಾನು ಅದೇ ಸ್ಮಶಾನಕ್ಕೆ ಹೋಗಬೇಕು. ಜಗಲಿಯಿಂದ ಎದ್ದು ಮನೆಗೆ ನಡೆದೆ.

ಮನೆಯಲ್ಲಿ ತಬಿಥವ್ವ ಹಾಸಿಗೆ ಹಿಡಿದಿದ್ದಳು. ಅವಳು ಹೊರಡುವ ಕಾಲ ಹತ್ತಿರವಾಗಿದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ಕೂಟದವರಿಗೂ ಗೊತ್ತಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು.

"ತಡಾ ಆಗಿ ಬಂದೈತಿ ಅಂತ ತಗದ್ರೇನು?" ಎಂದಳು. "ನೀನೂ ಈ ಮನಿಗೆ ತಡಾ ಆಗೇ ಬಂದಾಕಿ. ನಾನೂ ಹಂಗ ಬಂದಾಕಿ. ಹೊರಗ ಹಾಕತಾರೇನು ನಮ್ಮನ್ನ?"

ಮರುದಿನ ಆರಾಧನೆ ಮುಗಿದ ಮೇಲೆ ನಾನು ಪಂಡಿತರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

"ಬಾ ಪ್ರಿಸ್ಕವ್ವಾ, ಕೂಡು. ತಬಿಥವ್ವ ಹೆಂಗದಾಳ?"

"ಹೋಗಾಕ ತಯಾರಾಗ್ಯಾಳ್ರಿ. ಅದಕ ಬಂದೀನಿ. ನಮ್ಮ ಪಾಲು ಯಾಕ ತಗದ್ರಿ?"

"ಕಿಟಕ್ಯಾಗ ಕುಂತು ಎಲ್ಲಾ ಕೇಳಿಯಲ್ಲ. ಹಳೇ ಪ್ರತಿಯೊಳಗ ಇಲ್ಲ. ಯೋಹಾನ ಬರದದ್ದಲ್ಲ ಅದು."

"ಯಾರರ ಬರದಿರಲಿ. ನಡದದ್ದು ಹೌದೋ ಅಲ್ಲೋ, ಅದನ್ನ ಹೇಳ್ರಿ."

ಪಂಡಿತರು ಒಂದು ಕಾಯಿ ಒಡೆದು ಬೀಜವನ್ನು ಬುಟ್ಟಿಗೆ ಹಾಕಿದರು. "ನಡದಿರಬಹುದು. ನಡದೇದ ಅಂತನ ನನಗ ಅನಸ್ತದ. ಆದ್ರ ನನಗ ಅನಸೋದು ಬ್ಯಾರೆ, ಪ್ರತಿ ಬ್ಯಾರೆ."

ಎಲ್ಲಕ್ಕಿಂತ ಹೆಚ್ಚು ಮೈ ಉರಿದದ್ದು ಈ ಮಾತಿಗೆ. ನಡೆದಿಲ್ಲ ಎಂದು ನಂಬಿ ಕಿತ್ತುಹಾಕಿದ್ದರೆ ಬೇರೆ ಮಾತು. ನಡೆದದ್ದೇ ಎಂದು ನಂಬಿಕೊಂಡು ಕಿತ್ತುಹಾಕುವುದೆಂದರೇನು?

"ಹಂಗಾರ ಈಗ ಕೊಟ್ಟೀರಲ್ಲ, ಬಾಯಿ ಮುಚಗೊಂಡು ಇರ್ರಿ ಅನ್ನೋ ವಚನ, ಅದೂ ಅಲದಾಡೇದ ಅಂತ ಹಿಂದೊಮ್ಮೆ ಕೂಟದಾಗ ನೀವ ಹೇಳಿದ್ರಿ. ಕೆಲವು ಪ್ರತಿಯೊಳಗ ಅಧ್ಯಾಯದ ಕಡೀಕ ಹೋಗಿ ಕುಂತದ ಅಂತ."

"ಜಾಗಾ ಬದಲಾಗೇದ, ಖರೆ. ಆದ್ರ ಅದು ಇಲ್ಲದ ಪ್ರತಿ ಒಂದೂ ಸಿಕ್ಕಿಲ್ಲ."

ಪಂಡಿತರು ಹೇಳಿದರೆಂದರೆ ಅದು ಹಾಗೇ ಇರುತ್ತದೆ. ಆದರೆ ಮಾತು ನಿಜವೆಂದು ಸಿಟ್ಟು ಇಳಿಯುವುದಿಲ್ಲ. ಅಲೆದಾಡಿದ ಎರಡು ಮಾತುಗಳಲ್ಲಿ ಹೆಂಗಸನ್ನು ಉಳಿಸಿದ ಮಾತಿಗೆ ಊರಲ್ಲಿ ಜಾಗವಿಲ್ಲ, ಅವಳ ಬಾಯಿ ಮುಚ್ಚಿಸಿದ ಮಾತಿಗೆ ಇದೆ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಇವರು ಹೇಳುತ್ತಾರೆ, ಪ್ರತಿಗಳೇ ಹಾಗಿವೆ ಎನ್ನುತ್ತಾರೆ. ಪ್ರತಿಗಳನ್ನು ಬರೆದವರು ಯಾರು, ಉಳಿಸಿಕೊಂಡವರು ಯಾರು? ಅಲ್ಲೂ ಒಂದು ಕೂಟ ಇತ್ತಲ್ಲ, ಅದರ ಹೊರಗೂ ಒಂದು ಜಗಲಿ ಇದ್ದಿರಬೇಕಲ್ಲ?

"ಆಗಲಿ," ಎಂದೆ. "ಹೇಳೋರು ಯಾರ್ರಿ? ಅತ್ತಿ ಹೋದಮ್ಯಾಲೆ ನಮ್ಮ ಮನ್ಯಾಗ ಇರೋರು ನಾನು, ಮಗಳು ಕೃಪಾ. ಹೆಂಗಸರು ಸಭೆಯೊಳಗ ಬಾಯಿ ತಗೀಬಾರದು ಅನ್ನೋದನ್ನ ನಾನು ಊರಮಂದಿ ಮುಂದ ಬಾಯಿ ತಗದು ಹೇಳಬೇಕೇನ್ರಿ?"

ಪಂಡಿತರ ಕೈ ಶೇಂಗಾದ ಮೇಲೆ ನಿಂತಿತು. ಅವರ ಮುಖ ನೋಡಿದೆ. ಆಗಲೇ ಗೊತ್ತಾಯಿತು, ಇದು ಅವರಿಗೆ ಹೊಳೆದೇ ಇರಲಿಲ್ಲ. ಸಾವಿರಾರು ವರ್ಷದ ಹಿಂದೆ ಪ್ರತಿ ಬರೆಯುವವನೊಬ್ಬನ ಕಣ್ಣು ಯಾವ ಸಾಲಿನಿಂದ ಯಾವ ಸಾಲಿಗೆ ಜಾರಿತೆಂದು ಹೇಳಬಲ್ಲ ಇಷ್ಟು ಜನ ಸೇರಿ, ಒಂದು ಮಧ್ಯಾಹ್ನ ಪೂರ್ತಿ ಕೂತು, ಕಲ್ಲುಮನೆಯಲ್ಲಿ ಗಂಡಸರಿಲ್ಲ ಎಂಬುದನ್ನು ಮರೆತಿದ್ದರು.

"ನತಾನಿಯೇಲನ್ನ ಕಳಸ್ತೀವಿ," ಎಂದರು. "ನಿಮ್ಮ ಪರವಾಗಿ ಅವ ಹೇಳ್ತಾನ."

"ಅವರು ನಮ್ಮ ಮನಿಯವರಲ್ಲಲ್ರಿ."

"ನೋಡೂಣು," ಎಂದರು ಪಂಡಿತರು. ಕೂಟದ ತೀರ್ಮಾನವನ್ನು ಮತ್ತೆ ತೆಗೆಯೋಣ ಎಂದು ಮಾತ್ರ ಅವರ ಬಾಯಿಂದ ಬರಲಿಲ್ಲ. ಏಳುವಾಗ ಒಂದು ಹಿಡಿ ಶೇಂಗಾ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ.

ಸೋಮವಾರವೇ ಕೂಟದವರು ಬಣ್ಣದವನನ್ನು ಕಳಿಸಿದರು. ಅವನು ಏಣಿ ಹಾಕಿ ನಮ್ಮ ಬಾಗಿಲ ಮೇಲಿನ ಹಲಗೆಗೆ ಸುಣ್ಣದ ಬಿಳಿ ಬಳಿದು, ಒಣಗುವ ತನಕ ನೆರಳಲ್ಲಿ ಬೀಡಿ ಸೇದಿ, ಆಮೇಲೆ ಹೊಸ ಸಾಲು ಬರೆಯತೊಡಗಿದ. ತಬಿಥವ್ವನ ಮಂಚ ಮುಂದಿನ ಕೋಣೆಯಲ್ಲೇ ಇತ್ತು.

"ಏನ ಬರ್ಯಾಕತ್ಯಾನ ಅವ?" ಎಂದಳು.

ನಾನು ಹೊರಗೆ ಹೋಗಿ ಓದಿ ಬಂದು ಹೇಳಿದೆ. ಅವಳಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿತು, ಕೃಪಾ ಬಂದು ನೀರು ಕುಡಿಸಿದಳು.

"ನಾ ಅಂತೂ ಇನ್ನ ಸುಮ್ಮನಾಗಾಕಿ," ಎಂದಳು ಅತ್ತೆ. "ನೀವಿಬ್ಬರು ನೋಡಕೋರಿ." ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದುಕೊಂಡಳು. ಆಗ ನಗು ಇರಲಿಲ್ಲ. "ಪ್ರಿಸ್ಕಾ, ಕುಣಿ ತೆರದು ಬಿಟ್ಟು ಬರಬ್ಯಾಡ. ನಾಯಿ ಬರ್ತಾವ ಅಲ್ಲಿ."

ಈ ಮಾತು ಕೇಳಿ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಹೆತ್ತ ಮಗನನ್ನು ಕಳಿಸುವಾಗ ನಡುಗದಿದ್ದ ಹೆಂಗಸನ್ನು ಈಗ ನಾಯಿಗಳಿಗೆ ಹೆದರುವಂತೆ ಮಾಡಿದ್ದರು ಇವರು. ಹಳೆಯ ಪಾಲನ್ನು ಹೇಳಿದರೆ ಕುಣಿ ತುಂಬುತ್ತಿತ್ತೋ ಏನೋ. ಆದರೆ ನಾಳೆ ನನ್ನನ್ನು, ಆಮೇಲೆ ಕೃಪಾಳನ್ನು ನನ್ನ ಗಂಡನ ಪಕ್ಕದಲ್ಲಿ ಮಲಗಿಸಲು ಬಿಡುತ್ತಿರಲಿಲ್ಲ. ಹೊಸದನ್ನು ಹೇಳೋಣವೆಂದರೆ ಹೇಳಿದ ಕ್ಷಣವೇ ಅದನ್ನು ಮೀರಿದಂತೆ. ಹೇಳದೆ ಬಂದರೆ ನಾಯಿ.

ಅದೇ ವಾರ ತಬಿಥವ್ವ ಹೋದಳು. ಬೆಳಗಿನ ಗಂಜಿ ಕುಡಿದು, ಸಾಕು ಎಂದು ಕೈ ಮಾಡಿ, ಹಾಗೇ.

ಮಧ್ಯಾಹ್ನ ಸ್ಮಶಾನದಲ್ಲಿ ಊರೇ ಸೇರಿತ್ತು. ಕೂಟದವರೂ ಬಂದಿದ್ದರು. ನಾನು ಎಲ್ಲರ ಕೈಗಳನ್ನು ನೋಡಿದೆ. ಪಾಲು ಬದಲಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಕಲ್ಲುಮನೆಯ ಮಣ್ಣಿಗೆ ಬರಿಗೈಯಲ್ಲಿ ಬಂದು ಅವರಿಗೆ ಅಭ್ಯಾಸವಿಲ್ಲ. ದಾರಿಯಲ್ಲಿ ಎಲ್ಲರೂ ಒಂದೊಂದು ಕಲ್ಲು ಎತ್ತಿಕೊಂಡು ಬಂದಿದ್ದರು. ಆಮೋಸಪ್ಪ ಪಂಡಿತರ ಕೈಯಲ್ಲೂ ಒಂದಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವರು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದರು.

ಪೆಟ್ಟಿಗೆ ಇಳಿಸಿದ ಮೇಲೆ ನತಾನಿಯೇಲ ಮಾಸ್ತರ ಮುಂದೆ ಬಂದು ಹೊಸ ಪಾಲನ್ನು ಹೇಳಿದರು. ಸ್ಪಷ್ಟವಾಗಿ, ತಪ್ಪಿಲ್ಲದೆ ಹೇಳಿದರು. ಯೋಬಪ್ಪ ಮಣ್ಣು ಎಳೆದ. ಎಳೆದಷ್ಟೂ ಒಳಗೆ ಹೋಯಿತು, ಪೆಟ್ಟಿಗೆಯ ಮುಚ್ಚಳ ಮಾತ್ರ ಹಾಗೇ ಕಾಣುತ್ತಿತ್ತು. ಮಾಸ್ತರ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಯೋಬಪ್ಪ ಮತ್ತೆ ಎಳೆದ. ಗುಡ್ಡೆ ಹಾಕಿದ್ದ ಮಣ್ಣು ಅರ್ಧಕ್ಕೆ ಬಂತು, ಕುಣಿ ಎಷ್ಟು ಆಳವಿತ್ತೋ ಅಷ್ಟೇ ಇತ್ತು.

ಯೋಬಪ್ಪ ಗುದ್ದಲಿ ಊರಿ ನಿಂತ. "ಮನಿಯವರು ಹೇಳದ ಆಗಂಗಿಲ್ರಿ ಇದು," ಎಂದ.

ಪಂಡಿತರು ನನ್ನ ಕಡೆ ತಿರುಗಿದರು. "ಪ್ರಿಸ್ಕವ್ವಾ, ನೀನ ಹೇಳಬೇಕಾಗ್ತದ."

"ಹೇಳಬಾರದು ಅಂತ ಅದ ಹೇಳತೈತಲ್ರಿ ಅಜ್ಜಾರ," ಎಂದ ಯೋಬಪ್ಪ. ಅವನು ಚೇಷ್ಟೆಗೆ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದ.

ನಾನು ಬಾಯಿ ತೆರೆಯಲಿಲ್ಲ. ಕೊಟ್ಟ ಪಾಲನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದೆ. ಇಡೀ ಊರು ನನ್ನ ಬಾಯಿಯನ್ನೇ ನೋಡುತ್ತಿತ್ತು, ಬಿಸಿಲು ಸುಡುತ್ತಿತ್ತು, ಅತ್ತೆಯ ಪೆಟ್ಟಿಗೆ ಕಾಣುತ್ತಿತ್ತು. ದೂರದ ಗೋಡೆಯ ಹತ್ತಿರ ಒಂದು ನಾಯಿ ಮಲಗಿತ್ತು. ಅದನ್ನು ಕಂಡಾಗ ಹೊಟ್ಟೆಯೊಳಗಿದ್ದ ಕೋಪವೆಲ್ಲ ಕೈಗೆ ಬಂತು. ಕುಣಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಬಗ್ಗಿದೆ. ಬೆರಳಿನಿಂದ ಮಣ್ಣಿನ ಮೇಲೆ ಬರೆಯತೊಡಗಿದೆ.

ಒಂದು ಸಲ ತಲೆಯೆತ್ತಿ ಅವರೆಲ್ಲರನ್ನೂ ನೋಡಿದೆ, ಮತ್ತೆ ಬಗ್ಗಿ ಬರೆದೆ. ಕಲ್ಲುಮನೆಯ ಎಷ್ಟೋ ಸಾವುಗಳಿಗೆ ಬಂದ ಜನ ಅವರು, ಮುಂದೇನು ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಜನರ ಕಣ್ಣು ನಿಧಾನವಾಗಿ ನನ್ನ ಮೇಲಿಂದ ಪಂಡಿತರ ಮೇಲೆ ಹೋಯಿತು. ಅಲ್ಲಿ ಎಲ್ಲರಿಗಿಂತ ಹಿರಿಯರು ಅವರೇ.

ಅವರು ಬಹಳ ಹೊತ್ತು ನಿಂತರು. ನನ್ನ ಬೆರಳನ್ನೇ ನೋಡುತ್ತಿದ್ದರು. ಅವರೇ ಹಿಡಿದು ತಿದ್ದಿಸಿದ ಬೆರಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ತಮ್ಮ ಕಲ್ಲನ್ನು ಅಂಚಿನಲ್ಲಿಟ್ಟು, ಹಿಂದೆ ತಿರುಗಿ ನೋಡದೆ ಗೇಟಿನ ಕಡೆ ನಡೆದರು. ಅವರ ಹಿಂದೆ ಕೂಟದ ಇನ್ನಿಬ್ಬರು ಮುದುಕರು. ಅವರ ಹಿಂದೆ ಊರಿನ ಹಿರಿಯ ಹೆಂಗಸರು. ಕಲ್ಲಿನ ಮೇಲೆ ಕಲ್ಲು ಕೂರುವ ಸದ್ದು ಕೇಳುತ್ತಿತ್ತು. ನತಾನಿಯೇಲ ಮಾಸ್ತರ ಇಟ್ಟರು. ಚಿಕ್ಕವರು ಇಟ್ಟರು. ಕೊನೆಗೆ ನಾನು, ಕೃಪಾ, ಯೋಬಪ್ಪ, ಕೆಳಗೆ ತಬಿಥವ್ವ, ಇಷ್ಟೇ ಜನ ಉಳಿದೆವು.

ನಾನು ಎದ್ದು ನಿಂತು ಯೋಬಪ್ಪನಿಗೆ ತಲೆಯಾಡಿಸಿದೆ. ಅವನು ಗುದ್ದಲಿ ಹಾಕಿದ್ದು ನಾನು ಬರೆದ ಮಣ್ಣಿಗೇ. ಮೊದಲು ಅದೇ ಒಳಗೆ ಹೋಯಿತು, ಮತ್ತು ನಿಂತಿತು. ಅದರ ಮೇಲೆ ಬಿದ್ದದ್ದೂ ನಿಂತಿತು. ಉಳಿದಿದ್ದ ಅರ್ಧ ಗುಡ್ಡೆಯಲ್ಲೇ ಕುಣಿ ತುಂಬಿ ಮೇಲೆ ಬಂತು. ಯೋಬಪ್ಪ ಕಾಲಿನಿಂದ ತುಳಿದು ನೋಡಿ, "ಗಟ್ಟಿ ಆಗೈತ್ರಿ," ಎಂದ.

ಪಂಡಿತರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು ಎಂದು ತಿಳಿಯಬೇಡಿ. ಕಲ್ಲು ಇಟ್ಟು ಹೋದವರು ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ನಮ್ಮ ಹಳೆಯ ಪಾಲು ಇವತ್ತಿಗೂ ಊರಿನ ಬೈಬಲ್ಲಿನಿಂದ ಹೊರಗೇ ಇದೆ, ಸುಣ್ಣದ ಕೆಳಗೆ. ಮುಂದಿನ ಶನಿವಾರ ಕೂಟದಲ್ಲಿ ಅವರು ವಿಚಾರಕ್ಕೆ ತೆಗೆದುಕೊಂಡದ್ದೇನು ಗೊತ್ತೇ? ಕಲ್ಲುಮನೆಯ ಪ್ರಿಸ್ಕವ್ವ ಸ್ಮಶಾನದಲ್ಲಿ ಮಣ್ಣಿನ ಮೇಲೆ ಏನು ಬರೆದಳು ಎಂಬುದು. ಯೇಸು ಅವತ್ತು ನೆಲದ ಮೇಲೆ ಬರೆದದ್ದೇನು ಎಂದು ಇಷ್ಟು ಕಾಲ ವಿಚಾರ ಮಾಡಿ ಮುಗಿಯದವರಿಗೆ ಈಗ ಇನ್ನೊಂದು ಸಿಕ್ಕಿತು. ಕಲ್ಲಿಟ್ಟವರೆಲ್ಲ ಹಿಂದೆ ತಿರುಗಿ ನೋಡದೆ ಹೊರಟುಹೋದದ್ದರಿಂದ ಅವರಲ್ಲಿ ಯಾರೂ ಓದಿರಲಿಲ್ಲ. ಅಲ್ಲಿದ್ದವರ ಪಾಪಗಳನ್ನು ಬರೆದಿರಬೇಕು ಎಂದು ಒಬ್ಬರು. ಹಳೆಯ ಪಾಲನ್ನೇ ಬರೆದಿದ್ದರೆ ಅದು ಹೇಳಿದ ಹಾಗಾಗುತ್ತದೆಯೇ ಎಂದು ಇನ್ನೊಬ್ಬರು. ಸುಮ್ಮನೆ ಗೀಚಿದ್ದಾಳೆ ಎಂದು ಮತ್ತೊಬ್ಬರು. ಕೊನೆಗೆ ಯಾರೋ, ಅವಳನ್ನೇ ಕೇಳಬಹುದಲ್ಲ ಎಂದರಂತೆ.

ಹಾಗೆ ನತಾನಿಯೇಲ ಮಾಸ್ತರ ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಬಿಟ್ಟು, ಬಹಳ ಮರ್ಯಾದೆಯಿಂದ ನಿಂತರು.

"ಪ್ರಿಸ್ಕಕ್ಕಾರ, ಬರೋ ಶನಿವಾರ ಕೂಟಕ್ಕ ಬರಬೇಕ್ರಿ. ಜಗಲಿ ಮ್ಯಾಲಲ್ಲ, ಒಳಗ. ಪಂಡಿತರು ಕುರ್ಚಿ ಹಾಕಸ್ತೀನಿ ಅಂದಾರ. ಏನ ಬರದ್ರಿ ಅಂತ ಒಂದು ಮಾತು ಹೇಳಿದ್ರ ಸಾಕು."

ನಾನು ಅವರ ಮುಖವನ್ನೇ ನೋಡಿದೆ. ಆಮೇಲೆ ಕೈ ಎತ್ತಿ, ಬಾಗಿಲ ಮೇಲೆ ಅವರೇ ಬರೆಸಿದ ಸಾಲನ್ನು ತೋರಿಸಿದೆ.

ಮಾಸ್ತರ ತಲೆಯೆತ್ತಿ ಓದಿದರು. ಓದಿ, ನನ್ನ ಹಿಂದೆ ಹೊಸ್ತಿಲ ಮೇಲಿದ್ದ ಕೃಪಾಳ ಕಡೆ ತಿರುಗಿದರು. ಅವಳು ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದಳು, ಬರೆದದ್ದನ್ನೆಲ್ಲ ಓದಿದ್ದಳು, ಅದು ಅವರಿಗೂ ಗೊತ್ತಿತ್ತು.

"ನೀನರ ಹೇಳವ್ವಾ," ಎಂದರು.

ಕೃಪಾ ಕೈ ಎತ್ತಿ ಅದೇ ಸಾಲನ್ನು ತೋರಿಸಿದಳು.